ಸಸಿಯ ಚೀಲದಲ್ಲಿ ಬರುವ ಇರುವೆ

ಮಾನ್ಯ ಸಂಪಾದಕರೇ,

ಮುಂಗಾರು ಹಿಡಿಯುತ್ತಿದ್ದಂತೆ ಮೂಡಿಗೆರೆ, ಸಕಲೇಶಪುರ ಕಡೆಯ ರಸ್ತೆಗಳಲ್ಲಿ ಕಾಫಿ, ಮೆಣಸು, ಅಡಿಕೆ ಸಸಿಗಳನ್ನು ಹೇರಿಕೊಂಡ ಪಿಕಪ್‌ಗಳ ಓಡಾಟ ಹೆಚ್ಚುತ್ತದೆ. ಕಳೆದ ವರ್ಷ ದೂರದ ನರ್ಸರಿಯೊಂದರಿಂದ ತರಿಸಿದ ರೊಬಸ್ಟಾ ಸಸಿಗಳ ಚೀಲವನ್ನು ಗುಂಡಿಯ ಪಕ್ಕ ಹರಿದಾಗ, ಮಾಸಲು ಹಳದಿ ಬಣ್ಣದ, ಉದ್ದ ಕಾಲಿನ ಇರುವೆಗಳು ಮರಿಗಳನ್ನು ಕಚ್ಚಿಕೊಂಡು ದಿಕ್ಕಾಪಾಲಾಗಿ ಓಡಿದವು. ಮಾರಿದವರನ್ನು ವಿಚಾರಿಸಿದರೆ ‘ಇರುವೆ ಎಲ್ಲಿಲ್ಲ ಹೇಳಿ?’ ಎಂದರು.

ಇರುವೆ ಎಲ್ಲೆಡೆ ಇರುವುದು ನಿಜ. ಗೊದ್ದ, ಕಟ್ಟಿರುವೆ, ಚಗಳಿ ನಮ್ಮ ತೋಟಗಳಲ್ಲಿ ಹಿಂದಿನಿಂದಲೂ ಇವೆ. ಆದರೆ ಕೀಟಶಾಸ್ತ್ರ ಬಲ್ಲವರಿಗೆ ತೋರಿಸಿದಾಗ ಇದು ಹಳದಿ ಹುಚ್ಚು ಇರುವೆ, ಅಂದರೆ ಅನೊಪ್ಲೊಲೆಪಿಸ್ ಗ್ರಾಸಿಲಿಪೆಸ್, ಎಂದು ತಿಳಿಯಿತು. ಇದರ ಮೂಲ ಏಷ್ಯಾವೋ ಆಫ್ರಿಕಾವೋ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಹಡಗು, ಮರಮಟ್ಟು, ಕುಂಡದ ಮಣ್ಣುಗಳ ಜೊತೆ ಅಲೆದು ಇಂದು ಅದು ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನ ಹಲವು ದ್ವೀಪಗಳಲ್ಲಿ ನೆಲೆಸಿದೆ. ತೇವವಿರುವ ಬೆಚ್ಚನೆಯ ನೆಲ, ದರಗಿನ ಅಡಿ, ಕಲ್ಲಿನ ಸಂದಿ, ಮರದ ಬುಡ ಅದಕ್ಕೆ ಒಗ್ಗುವ ತಾಣಗಳು, ಎಂದರೆ ನೆರಳಿನ ಕಾಫಿ ತೋಟದಲ್ಲಿ ಇರುವುದೆಲ್ಲವೂ ಅವೇ. ಒಂದೇ ಗೂಡಿನಲ್ಲಿ ಹಲವು ರಾಣಿಗಳಿದ್ದು, ರಾಣಿಯೊಂದು ಕೆಲವು ಕೆಲಸಗಾರ ಇರುವೆಗಳೊಡನೆ ನಡೆದುಹೋಗಿ ಹೊಸ ಗೂಡು ಕಟ್ಟುವುದರಿಂದ, ಒಂದು ಚೀಲದ ಮಣ್ಣು ಇಡೀ ಸಂಸಾರಕ್ಕೆ ಸಾಕು.

ನನ್ನನ್ನು ಹೆಚ್ಚು ಕಾಡುತ್ತಿರುವುದು ಹಿಂದೂ ಮಹಾಸಾಗರದಲ್ಲಿರುವ, ಆಸ್ಟ್ರೇಲಿಯಾಕ್ಕೆ ಸೇರಿದ ಕ್ರಿಸ್ಮಸ್ ದ್ವೀಪದ ಸಂಗತಿ. ಅಲ್ಲಿಗೆ ಈ ಇರುವೆ 1915 ಮತ್ತು 1934ರ ನಡುವೆ ಬಂದು, ದಶಕಗಳ ಕಾಲ ಸುಮ್ಮನಿದ್ದು, 1989ರಲ್ಲಿ ಮೊದಲ ಬಾರಿಗೆ ಮಹಾಗೂಡುಗಳಾಗಿ, ಅಂದರೆ ಅನೇಕ ಗೂಡುಗಳು ಒಂದಾಗಿ ಹಬ್ಬಿದ ಭಾರಿ ಸಮೂಹಗಳಾಗಿ, ಕಾಣಿಸಿಕೊಂಡಿತು. ಅದು ಕುಟುಕುವುದಿಲ್ಲ, ಫಾರ್ಮಿಕ್ ಆಮ್ಲ ಚಿಮ್ಮಿಸುತ್ತದೆ. ಅಷ್ಟರಿಂದಲೇ ಕೋಟಿಗೂ ಹೆಚ್ಚು ಕೆಂಪು ಏಡಿಗಳು ಸತ್ತವು. ಅಷ್ಟೊಂದು ಇರುವೆಗಳನ್ನು ಪೋಷಿಸಿದ್ದು ಮರಗಳ ರಸ ಹೀರುವ ಶಲ್ಕ ಕೀಟಗಳು ಒಸರುವ ಸಿಹಿ ಅಂಟು. ಆದ್ದರಿಂದಲೇ 2016ರಲ್ಲಿ ಅಲ್ಲಿ ಇರುವೆಯ ಬದಲು ಆ ಕೀಟವನ್ನು ಕೊಲ್ಲುವ, ಮಲೇಷ್ಯಾದ ಪುಟ್ಟ ಕಣಜವೊಂದನ್ನು ಬಿಡಲಾಯಿತು.

ನಮ್ಮಲ್ಲಿ ಆ ಸಿಹಿ ಅಂಟಿಗೆ ಬರವಿಲ್ಲ. ಕಾಫಿಯ ಹಿಟ್ಟು ತಿಗಣೆ, ಹಸಿರು ಶಲ್ಕಗಳನ್ನು ಇರುವೆಗಳು ಹಸು ಸಾಕಿದಂತೆ ಕಾಯುತ್ತವೆ, ಅವನ್ನು ತಿನ್ನಲು ಬರುವ ಗುಲಗಂಜಿ ಹುಳುಗಳನ್ನು ಓಡಿಸುತ್ತವೆ. ನೆರೆಯ ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಕರಂದಮಲೈ ಬೆಟ್ಟದ ಸುತ್ತಲಿನ ಹಳ್ಳಿಗರು, ಈ ಇರುವೆ ದನಕರುಗಳ ಕಣ್ಣಿಗೆ ಮುತ್ತುತ್ತಿದೆ ಎಂದು 2022ರಲ್ಲಿ ದೂರಿಕೊಂಡಿದ್ದರು.

ಹಾಗೆಂದು ಕಂಡ ಇರುವೆಗೆಲ್ಲ ವಿಷ ಸಿಂಪಡಿಸುವುದನ್ನು ನಾನು ಒಪ್ಪುವುದಿಲ್ಲ. ಚಗಳಿ, ಗೊದ್ದಗಳು ಸತ್ತು ತೆರವಾದ ಜಾಗಕ್ಕೆ ಮೊದಲು ನುಗ್ಗುವುದು ಇಂಥ ಅಲೆಮಾರಿ ಜಾತಿಯೇ. ಮಾರಾಟಕ್ಕೆ ಮುನ್ನ ಸಸಿಯ ಮಣ್ಣನ್ನು ಪರೀಕ್ಷಿಸುವ ಹೊಣೆ ನರ್ಸರಿಗಳಿಗಿರಲಿ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯು ಈ ಇರುವೆ ಯಾವ ಹೋಬಳಿಗಳ ತೋಟಗಳಲ್ಲಿ ಇದೆ ಎಂಬುದನ್ನು ಗುರುತಿಸಿ, ಬೆಳೆಗಾರರಿಗೆ ಅದರ ಚಿತ್ರ ಸಹಿತ ಮಾಹಿತಿಯನ್ನು ಮುಂದಿನ ನಾಟಿಗೆ ಮೊದಲೇ ತಲುಪಿಸಬೇಕೆಂದು ಕೋರುತ್ತೇನೆ.

– ಒಬ್ಬ ಕಾಫಿ ಬೆಳೆಗಾರ, ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ