ತಪ್ಪಿನ ವರದಿಯೇ ಇಲ್ಲದ ವಾರ್ಡು ಒಳ್ಳೆಯದೆಂಬ ನಂಬಿಕೆಯ ಕುರಿತು

ವಾರ್ಡಿನ ಎಲ್ಲ ಶುಶ್ರೂಷಕ ಸಹೋದ್ಯೋಗಿಗಳಿಗೆ ನಮಸ್ಕಾರ.

ಹೊಂದಾಣಿಕೆ ಚೆನ್ನಾಗಿರುವ ತಂಡದಲ್ಲಿ ತಪ್ಪುಗಳ ವರದಿ ಕಡಿಮೆ ಇರುತ್ತದೆ ಎಂದು ನಾವೆಲ್ಲ ನಂಬಿಕೊಂಡು ಬಂದಿದ್ದೇವೆ. ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಲು ಹೊರಟ ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಅವರೂ ಇದನ್ನೇ ನಿರೀಕ್ಷಿಸಿದ್ದರು. ಆದರೆ 1996ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಒಳ್ಳೆಯ ಬಾಂಧವ್ಯವಿದ್ದ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಅಲ್ಲಿನವರು ಬೈಸಿಕೊಳ್ಳುವ ಭಯವಿಲ್ಲದೆ ತಪ್ಪನ್ನು ಹೇಳಿಕೊಳ್ಳುತ್ತಿದ್ದರು ಎಂಬುದು ಅವರು ಕೊಟ್ಟ ವಿವರಣೆ.

ಕಳೆದ ವಾರ ನಾನು ಬೆಳಗಿನ ಪಾಳಿಗೆ ಬಂದಾಗ, ಔಷಧ ಚಾರ್ಟಿನಲ್ಲಿ ಆರು ಗಂಟೆಯ ಆಂಟಿಬಯೋಟಿಕ್ ಡೋಸಿನ ಎದುರು ಸಹಿ ಇರಲಿಲ್ಲ. ರಾತ್ರಿ ಪಾಳಿಯಲ್ಲಿದ್ದ ಕಿರಿಯರಿಗೆ ಫೋನ್ ಮಾಡಿ ಕೇಳಿದರೆ, ಕೊಟ್ಟಿಲ್ಲವೆಂದು ಒಪ್ಪಿಕೊಳ್ಳಲು ಅವರು ತುಂಬ ಹೊತ್ತು ತಡವರಿಸಿದರು. ಡೋಸು ತಪ್ಪಿದ್ದಕ್ಕಿಂತ ಆ ತಡವರಿಕೆಯೇ ನನ್ನನ್ನು ಹೆಚ್ಚು ನೋಯಿಸಿತು. ಅದನ್ನು ಕಲಿಸಿದವರು ಹಿರಿಯರಾದ ನಾವೇ.

ಆದ್ದರಿಂದ ಸೋಮವಾರದಿಂದ, ಪಾಳಿ ಬದಲಾಗುವಾಗ ಇಬ್ಬರೂ ಹಾಸಿಗೆಯ ಬಳಿಯೇ ನಿಂತು ಚಾರ್ಟನ್ನು ಒಟ್ಟಿಗೆ ನೋಡಬೇಕು. ಡೋಸು ಬಿಟ್ಟುಹೋಗಿದ್ದರೆ ಕೂಡಲೇ ಕರ್ತವ್ಯದಲ್ಲಿರುವ ವೈದ್ಯರಿಗೆ ತಿಳಿಸಿ, ವರದಿ ಬರೆದಿಡಬೇಕು. ವರದಿ ಬರೆದವರ ಹೆಸರನ್ನು ಯಾರೂ ಈ ಗುಂಪಿನಲ್ಲಿ ಹಾಕಬಾರದೆಂದು ಕೇಳಿಕೊಳ್ಳುತ್ತೇನೆ.