ಬಣ್ಣ ತೊಳೆದರೂ ಹೋಗದ ಫೋಟೊ

(ಹುಡುಗನನ್ನು ಕೇಳಿಯೇ, ಹೆಸರು ಬಿಟ್ಟು, ಇದನ್ನು ಇಲ್ಲಿ ಹಾಕಿದ್ದೇನೆ.)

ದೋಸ್ತಾ,

ರವಿವಾರ ನಿನ್ನ ಮಗ ಅವರವ್ವನ ಫೋನಿನಿಂದ ಮಾತಾಡಿದ. "ಕಾಕಾ, ಅಪ್ಪ ನನ್ನ ಮೊಬೈಲ್ ಕಸಗೊಂಡಾರ" ಎಂದ. ಉಳಿದದ್ದು ಹೇಳಲು ಅರ್ಧ ತಾಸು ಹಿಡಿಯಿತು.

ಬಾಗಲಕೋಟೆಯ ಹೋಳಿ ಮುಗಿದು ನಾಲ್ಕು ತಿಂಗಳಾಯಿತು. ಬಣ್ಣದ ಬಂಡಿ ಮುಂದೆ ಬಾಯಿ ತೆರೆದು ನಿಂತ ಅವನ ಫೋಟೊವನ್ನು ಯಾರೋ ಸ್ಟಿಕರ್ ಮಾಡಿದ್ದಾರೆ. ಕ್ಲಾಸಿನ ಗ್ರೂಪಿನಲ್ಲಿ ಅವನು ಏನು ಬರೆದರೂ ಅದೇ ಉತ್ತರ. ಈಗ ಅವನ ಹೆಸರಲ್ಲೇ ಇನ್‌ಸ್ಟಾಗ್ರಾಂ ಖಾತೆ ತೆರೆದು ಒಬ್ಬ ಹುಡುಗಿಗೆ ಮೆಸೇಜ್ ಕಳಿಸಿದ್ದಾರಂತೆ.

"ಹುಡುಗರ ಚೇಷ್ಟೆ, ನಾವೇನು ಕಮ್ಮಿ ಇದ್ದೆವಾ?" ಅಂದೆಯಂತೆ. ಇರಲಿಲ್ಲ ಬಿಡು. ಕಾಮಣ್ಣನನ್ನು ಸುಡಲು ನಿಮ್ಮ ಹಿತ್ತಲಿನ ಕುಳ್ಳನ್ನೇ ಕದ್ದು ನಿಮ್ಮ ಮನೆ ಮುಂದೆಯೇ ಹೊಯ್ಕೊಂಡವರು ನಾವು. ಆದರೆ ನಿಮ್ಮವ್ವ ಹೊರಗೆ ಬಂದರೆ ಓಡುತ್ತಿದ್ದೆವು. ಬಣ್ಣ ತೊಳೆದರೆ ಮುಗೀತು. ಇವನಿಗೆ ರಾತ್ರಿ ಹನ್ನೊಂದಕ್ಕೂ ಎರಚುತ್ತಾರೆ. ಸಾಕು ಎಂದು ಕೇಳಿಕೊಂಡ, ಆಗ ಜಾಸ್ತಿಯಾಯಿತು. ಅದು ಚೇಷ್ಟೆ ಅಲ್ಲ. ತಲೆನೋವು ಅಂತ ಶಾಲೆ ತಪ್ಪಿಸುತ್ತಾನೆ, ಮೊಬೈಲ್ ಸದ್ದಿಗೆ ಬೆಚ್ಚುತ್ತಾನೆ ಎಂದು ನೀನೇ ಹೇಳಿದ್ದೆಯಲ್ಲ?

ಮೊಬೈಲ್ ವಾಪಸ್ ಕೊಡು. ಕಸಿದುಕೊಂಡರೆ ಸ್ಟಿಕರ್ ನಿಲ್ಲುವುದಿಲ್ಲ, ಹುಡುಗ ನಿನಗೆ ಹೇಳುವುದು ನಿಲ್ಲುತ್ತದೆ.

ಇಬ್ಬರೂ ಕೂತು ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ. ನಂಬರ್, ತಾರೀಕು, ವೇಳೆ ಕಾಣಬೇಕು. ನಕಲಿ ಖಾತೆಯ ಲಿಂಕ್ ಬರೆದಿಟ್ಟುಕೊಂಡು ಇನ್‌ಸ್ಟಾಗ್ರಾಂಗೆ ರಿಪೋರ್ಟ್ ಮಾಡಿ. ಬ್ಲಾಕ್ ಮಾಡುವುದು, ಗ್ರೂಪ್ ಬಿಡುವುದು ಆಮೇಲೆ. ಯಾರಿಗೂ ಉತ್ತರ ಕೊಡಬೇಡಿ. ನಿನ್ನ ಬಾಯಿ ನನಗೆ ಗೊತ್ತು, ನೀನಂತೂ ಬೇಡವೇ ಬೇಡ.

ನಂತರ ಹೆಡ್ ಮಾಸ್ತರರ ಹತ್ತಿರ ಹೋಗು. ಮಾಡಿದವರೂ ಹದಿನೈದರ ಹುಡುಗರೇ ಇರಬೇಕು, ಮೊದಲ ದಿನವೇ ಠಾಣೆ ಎಂದರೆ ನನಗೆ ಮನಸ್ಸು ಬಾರದು. ಆದರೆ ಬೆದರಿಕೆ ಬಂದರೆ, ಫೋಟೊ ಅಸಹ್ಯವಾಗಿ ತಿರುಚಿದರೆ ಕಾಯಬೇಡ. ಸೈಬರ್ ಕ್ರೈಂ ಪೋರ್ಟಲ್ ಇದೆ, ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ ನೋಡುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆ ಇದೆ. "ಐಟಿ ಕಾಯ್ದೆಯ 66ಎ ಕಲಂ ರದ್ದಾಯಿತಲ್ಲ" ಎನ್ನಬೇಡ. ಆನ್‌ಲೈನ್‌ನಲ್ಲಿ ನೋಯಿಸುವ ಮೆಸೇಜ್ ಕಳಿಸಿದರೆ ಶಿಕ್ಷೆ ಎನ್ನುತ್ತಿದ್ದ ಆ ಕಲಮನ್ನು 2015ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು ನಿಜ. ಆದರೆ ಆನ್‌ಲೈನ್‌ನಲ್ಲಿ ಬೇರೆಯವರ ವೇಷ ಹಾಕಿ ಮೋಸ ಮಾಡಿದರೆ ಅದೇ ಕಾಯ್ದೆಯ 66ಡಿ ಇದ್ದೇ ಇದೆ. ದೊಡ್ಡವರಿಗೆ 3 ವರ್ಷದವರೆಗೆ ಜೈಲು, ಹುಡುಗರಾದರೆ ಬಾಲ ನ್ಯಾಯ ಮಂಡಳಿ ನೋಡುತ್ತದೆ. ನಿನ್ನ ಮುಂದೆ ಆಡಲಾಗದ ಮಾತು ಅವನಿಗಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ನಂಬರ್ ಅವನಿಗೂ ಕೊಟ್ಟಿದ್ದೇನೆ.

ಇನ್ನೊಂದು. ಆ ಸ್ಟಿಕರ್ ಎರಡು ತಿಂಗಳ ಹಿಂದೆ ನನಗೂ ಬಂದಿತ್ತು. ಬಣ್ಣದಲ್ಲಿ ಗುರುತು ಸಿಗಲಿಲ್ಲ. ನಕ್ಕು ನಾಲ್ಕು ಜನಕ್ಕೆ ಕಳಿಸಿದ್ದೆ. ರವಿವಾರ ಅವನಿಗೆ ಅದನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ನೀವೂ ಏನ್ರಿ ಕಾಕಾ" ಎಂದ.

ಶನಿವಾರ ಬರುತ್ತೇನೆ. ಅಷ್ಟರೊಳಗೆ ಮೊಬೈಲ್ ಅವನ ಕೈಯಲ್ಲಿರಲಿ.

ನಿನ್ನ ದೋಸ್ತ