ಇಬ್ಬರು ಕೂತ ಗಾಡಿ, ಸ್ಪಿತಿಯ ದಾರಿ: ಗೆಳೆಯನಿಗೊಂದು ಪತ್ರ

ದಾವಣಗೆರೆ

ಪ್ರಿಯ ಮಂಜು,

ಗಣಪತಿ ಕಳಿಸಿದ ಮೇಲೆ ನೀನೂ ಸವಿತಾನೂ ಬೈಕಲ್ಲಿ ಹಿಮಾಚಲದ ಸ್ಪಿತಿ ಕಣಿವೆಗೆ ಹೊರಡ್ತೀರಿ ಅಂತ ತಿಳಿದು ನಮ್ಮಿಬ್ಬರಿಗೂ ತುಂಬಾ ಖುಷಿಯಾಯ್ತು. ಕಾಲ ಸರಿಯಾಗೇ ಆರಿಸಿದ್ದೀಯ. ಜುಲೈ, ಆಗಸ್ಟಲ್ಲಿ ದಾರಿಯಲ್ಲಿ ಸಿಗುವ ಕಿನ್ನೌರ ಜಿಲ್ಲೆಯ ಗುಡ್ಡ ಮಳೆಗೆ ನೆನೆದು ಕಲ್ಲು ಉರುಳಿಸುತ್ತೆ. ಅಕ್ಟೋಬರ್ ಕಳೆದರೆ ಸ್ಪಿತಿಯಿಂದ ಮನಾಲಿ ಕಡೆಗೆ ದಾಟುವ ಕುಂಜುಮ್ ಲಾ ಘಾಟಿ ಹಿಮ ಬಿದ್ದು ಮುಚ್ಚಿಹೋಗುತ್ತೆ. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮೊದಲ ವಾರದವರೆಗಿನ ದಿನಗಳು ಒಳ್ಳೆಯವು. ಹಾಗೆ ಹೊರಟರೆ ದಸರಾ ಹೊತ್ತಿಗೆ ಮನೆ ಸೇರಬಹುದು.

ಏನೇನು ಒಯ್ಯಬೇಕು ಅಂತ ಪಟ್ಟಿ ಕೇಳಿದ್ದೆ. ಪಟ್ಟಿಗಿಂತ ಮೊದಲು ತೂಕದ ಮಾತು. ಒಬ್ಬನೇ ಕೂತು ಓಡಿಸುವ ಗಾಡಿ ಬೇರೆ, ಇಬ್ಬರು ಕೂತು ಬ್ಯಾಗು ಕಟ್ಟಿದ ಗಾಡಿ ಬೇರೆ. ಬ್ರೇಕು, ಕ್ಲಚ್ಚು, ಟೈರು, ಶಾಕಪ್ಸು, ಪೆಟ್ರೋಲು, ಇವೆಲ್ಲದರ ಲೆಕ್ಕವೂ ತೂಕದಿಂದಲೇ ಶುರುವಾಗುತ್ತೆ. ಗಾಡಿಯ ಜೊತೆ ಕೊಟ್ಟ ಪುಸ್ತಕ ತೆಗೆದು ಗಾಡಿ ಹೊರಬಹುದಾದ ಒಟ್ಟು ತೂಕ ಎಷ್ಟು ಅಂತ ನೋಡು. ಅದರಲ್ಲಿ ಗಾಡಿಯ ಸ್ವಂತ ತೂಕ ಕಳೆ, ನಿಮ್ಮಿಬ್ಬರ ತೂಕ ಕಳೆ. ಹೆಲ್ಮೆಟ್ಟು, ಜಾಕೆಟ್ಟು, ಬೂಟು ಸೇರಿ ತಲೆಗೆ ಐದಾರು ಕೆಜಿ ಆಗುತ್ತೆ, ಅದನ್ನೂ ಕಳೆ. ಉಳಿದದ್ದು ನಿಮ್ಮ ಸಾಮಾನಿನ ಪಾಲು. ಇಪ್ಪತ್ತು ಇಪ್ಪತ್ತೈದು ಕೆಜಿಗಿಂತ ಹೆಚ್ಚು ಉಳಿಯೋದು ಕಷ್ಟ. ಐದು ಲೀಟರ್ ಪೆಟ್ರೋಲಿನ ಕ್ಯಾನ್ ಸಹ ಆ ಪಾಲಿನಲ್ಲೇ ಬರಬೇಕು. ಪೆಟ್ರೋಲೇ ಹತ್ತಿರ ಹತ್ತಿರ ನಾಲ್ಕು ಕೆಜಿ ತೂಗುತ್ತೆ.

ಅಂದಾಜಿನಲ್ಲಿ ಕಟ್ಟಬೇಡ. ನಿಮ್ಮಲ್ಲಿ ಶೇಂಗಾ, ಮೆಕ್ಕೆಜೋಳ ತೂಗುವ ಅಂಗಡಿ ಬೇಕಾದಷ್ಟಿವೆ. ತುಂಬಿದ ಬ್ಯಾಗುಗಳನ್ನು ಅಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ಮೇಲೆ ಒಂದೊಂದಾಗಿ ಇಟ್ಟು ಬರೆದುಕೋ. ಎಡಗಡೆ ಬ್ಯಾಗಿಗೂ ಬಲಗಡೆ ಬ್ಯಾಗಿಗೂ ಒಂದು ಕೆಜಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಟೂಲ್ಸು, ಟ್ಯೂಬು, ಚೈನ್ ಲ್ಯೂಬಿನಂಥ ಭಾರದ ಸಾಮಾನು ಪಕ್ಕದ ಬ್ಯಾಗಿನ ತಳದಲ್ಲಿ, ಸವಿತಾಳ ಕಾಲಿನ ಹತ್ತಿರಕ್ಕೆ ಬರಲಿ. ಬಟ್ಟೆ, ಮಳೆ ಕೋಟು ಹಿಂದಿನ ಬ್ಯಾಗಿಗೆ. ಟೇಲ್ ಲ್ಯಾಂಪ್ ಆಚೆ ಭಾರ ಜೋತುಬಿದ್ದರೆ ಮುಂದಿನ ಚಕ್ರ ಹಗುರವಾಗಿ, ಏರಿನ ತಿರುವಲ್ಲಿ ಹ್ಯಾಂಡಲ್ ತೇಲಿದ ಹಾಗಾಗುತ್ತೆ. ಸೈಲೆನ್ಸರ್ ಕಡೆಯ ಬ್ಯಾಗು ಅದಕ್ಕೆ ತಾಗುತ್ತಾ ಅಂತ ಇಬ್ಬರೂ ಕೂತು ನೋಡಿ. ಗಾಡಿ ಖಾಲಿ ಇದ್ದಾಗ ನಾಲ್ಕು ಬೆರಳು ಸಂದು ಕಾಣುತ್ತೆ, ಇಬ್ಬರು ಕೂತು ಗುಂಡಿಗೆ ಬಿದ್ದರೆ ಆ ಸಂದು ಮುಚ್ಚಿ ಬ್ಯಾಗು ಸುಟ್ಟುಹೋಗುತ್ತೆ.

ತೂಕ ಗೊತ್ತಾದ ಮೇಲೆ ಗಾಡಿ ಹೊಂದಿಸು. ಹಿಂದಿನ ಶಾಕಪ್ಸಿನ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಕಚ್ಚು ಇರುವ ಬಳೆ ಇದೆಯಲ್ಲ, ಅದನ್ನು ಸಿ ಸ್ಪ್ಯಾನರ್ (ಕೊಕ್ಕೆಯ ಹಾಗೆ ಬಾಗಿದ ಸ್ಪ್ಯಾನರ್) ಹಾಕಿ ಎರಡು ಮೆಟ್ಟಿಲು ಬಿಗಿ ಮಾಡು. ಎರಡೂ ಕಡೆ ಒಂದೇ ಮೆಟ್ಟಿಲಿಗೆ ನಿಲ್ಲಬೇಕು. ಹಿಂಭಾರಕ್ಕೆ ಹೆಡ್‌ಲೈಟ್ ಮೇಲೆ ನೋಡುತ್ತೆ, ಅದನ್ನೂ ತಗ್ಗಿಸು. ಚೈನ್ ಬಿಗಿ ನೋಡುವಾಗ ಇಬ್ಬರೂ ಕೂತು ಇನ್ನೊಬ್ಬರ ಕೈಲಿ ನೋಡಿಸು. ಭಾರ ಬಿದ್ದಾಗ ಚೈನ್ ಇನ್ನಷ್ಟು ಬಿಗಿಯಾಗುತ್ತೆ, ಹೆಚ್ಚು ಬಿಗಿಯಾದ ಚೈನು ಮುಂದಿನ ಸ್ಪ್ರಾಕೆಟ್ಟಿನ ಬೇರಿಂಗ್ ತಿನ್ನುತ್ತೆ. ಪುಸ್ತಕದಲ್ಲಿ ಇಷ್ಟರಿಂದ ಇಷ್ಟು ಅಂತ ಇದ್ದರೆ ಸಡಿಲದ ಕಡೆಗೇ ಇಡು.

ಟೈರಿನ ಗಾಳಿಯ ವಿಷಯ ಸ್ವಲ್ಪ ನಿಧಾನವಾಗಿ ಓದು. ಕಲ್ಲುದಾರಿಯಲ್ಲಿ ಗಾಳಿ ಇಳಿಸು, ಎತ್ತರದಲ್ಲಿ ಹೊರಗಿನ ಒತ್ತಡ ಕಡಿಮೆ ಆದ್ದರಿಂದ ಟೈರು ಉಬ್ಬುತ್ತೆ, ಗಾಳಿ ಬಿಡು ಅಂತ ದಾರಿಯುದ್ದಕ್ಕೂ ಹೇಳುವವರು ಸಿಗುತ್ತಾರೆ. ಹೊರಗಿನ ಒತ್ತಡ ಇಳಿಯೋದು ನಿಜ. ಆದರೆ ಅಲ್ಲಿನ ಬೆಳಗಿನ ಚಳಿ ಟೈರಿನೊಳಗಿನ ಒತ್ತಡವನ್ನೂ ಎಳೆದುಹಾಕುತ್ತೆ. ಅದಕ್ಕಿದು ಬಹುಮಟ್ಟಿಗೆ ವಜಾ ಆಗುತ್ತೆ. ಚೈನ್ ಗಾರ್ಡ್ ಮೇಲಿನ ಚೀಟಿಯಲ್ಲೋ ಪುಸ್ತಕದಲ್ಲೋ ಇಬ್ಬರಿಗೆ ಅಂತ ಬರೆದ ಅಂಕಿಯನ್ನೇ ಹಿಡಿ. ದಿನಾ ಬೆಳಗ್ಗೆ ಗಾಡಿ ತೆಗೆಯುವ ಮೊದಲು, ಟೈರು ತಣ್ಣಗಿರುವಾಗ, ನಿನ್ನದೇ ಗೇಜಿನಲ್ಲಿ ನೋಡು. ನಿನ್ನದು ಟ್ಯೂಬ್ ಟೈರು. ಭಾರ ಹೊತ್ತು ಗಾಳಿ ಕಡಿಮೆ ಇದ್ದಾಗ ಚೂಪುಕಲ್ಲಿಗೆ ಹೊಡೆದರೆ ಟೈರು ಮಡಚಿ, ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಹರಿಯುತ್ತೆ. ಟ್ಯೂಬು ತೆಗೆದು ನೋಡಿದರೆ ಹಾವು ಕಚ್ಚಿದ ಹಾಗೆ ಪಕ್ಕಪಕ್ಕ ಎರಡು ಸೀಳು ಇರುತ್ತೆ, ಮೊಳೆ ಎಲ್ಲೂ ಸಿಗೋದಿಲ್ಲ. ಅಂಥ ಸೀಳಿಗೆ ಪ್ಯಾಚ್ ಹೆಚ್ಚು ಹೊತ್ತು ನಿಲ್ಲಲ್ಲ. ಅದಕ್ಕೇ ಮುಂದಿನದೊಂದು, ಹಿಂದಿನದೊಂದು ಹೊಸ ಟ್ಯೂಬು ಇರಲಿ. ಟೈರ್ ಲಿವರ್ ಎರಡು, ಕೈಪಂಪು, ಆಕ್ಸಲ್ ನಟ್ಟಿಗೆ ಸರಿಯಾಗಿ ಕೂರುವ ಸ್ಪ್ಯಾನರ್ ಬೇಕೇ ಬೇಕು. ಕಂಪನಿ ಕೊಡುವ ಟೂಲ್ ಕಿಟ್ಟನ್ನು ನಂಬಬೇಡ. ಹೊರಡುವ ಮೊದಲು ಹಿಂದಿನ ಚಕ್ರ ಒಮ್ಮೆ ನೀನೇ ಬಿಚ್ಚಿ, ಟ್ಯೂಬ್ ಬದಲಿಸಿ, ತಿರುಗಿ ಹಾಕು. ನಟ್ಟು ತುಕ್ಕು ಹಿಡಿದಿದೆಯೋ, ಸ್ಪ್ಯಾನರಿನ ಹಿಡಿ ಸಾಕಷ್ಟು ಉದ್ದ ಇದೆಯೋ ಅನ್ನೋದು ನಿನ್ನ ಅಂಗಳದಲ್ಲೇ ಗೊತ್ತಾಗಲಿ.

ಇನ್ನು ಬ್ರೇಕು. ಪ್ಯಾಡಿನ ದಪ್ಪ 2 ಮಿಲಿಮೀಟರ್ ಹತ್ತಿರ ಬಂದಿದ್ದರೆ ಇಲ್ಲೇ ಹೊಸದು ಹಾಕಿಸು, ಹಳೆ ಪ್ಯಾಡ್ ಒಂದು ಜೊತೆ ಸ್ಪೇರಿಗೆ ಇಟ್ಟುಕೋ. ಬ್ರೇಕ್ ಆಯಿಲ್ ಹಾಕಿ ಎರಡು ವರ್ಷ ಆಗಿದ್ದರೆ ಬದಲಿಸಲೇಬೇಕು. ಡಬ್ಬಿಯ ಮೇಲೆ ಡಾಟ್ 4 ಅಂತ ದರ್ಜೆ ಬರೆದಿರುವ ಆಯಿಲ್ ಹೊಸದಿದ್ದಾಗ ಕಡಿಮೆ ಅಂದರೂ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಲ್ಲ. ಅದು ಗಾಳಿಯ ತೇವ ಹೀರುತ್ತಾ ಹೋಗುತ್ತೆ, ತೇವ ಕುಡಿದ ಆಯಿಲ್ 155ರ ಸುಮಾರಿಗೇ ಕುದಿಯಬಹುದು. ಇಬ್ಬರ ಭಾರ ಹೊತ್ತು ಉದ್ದದ ಇಳಿಜಾರಲ್ಲಿ ಬ್ರೇಕ್ ಒತ್ತಿಯೇ ಹಿಡಿದರೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಆ ಬಿಸಿ ಮುಟ್ಟುತ್ತೆ. ಆಯಿಲಿನಲ್ಲಿ ಆವಿಗುಳ್ಳೆ ಎದ್ದು ಲಿವರ್ ಸ್ಪಂಜಿನ ಹಾಗೆ ಹ್ಯಾಂಡಲ್‌ವರೆಗೂ ಬಂದುಬಿಡುತ್ತೆ, ಗಾಡಿ ನಿಲ್ಲಲ್ಲ. ಲಿವರ್ ಮೆತ್ತಗಾಯ್ತು ಅನ್ನಿಸಿದ ಕೂಡಲೇ ಗೇರ್ ಇಳಿಸಿ, ಹಿಂದಿನ ಬ್ರೇಕಿನಲ್ಲಿ ನಿಲ್ಲಿಸಿ, ಅರ್ಧ ಗಂಟೆ ತಣ್ಣಗಾಗಲು ಬಿಡು. ಬಿಸಿ ಡಿಸ್ಕಿನ ಮೇಲೆ ನೀರು ಹೊಯ್ಯಬೇಡ, ಡಿಸ್ಕ್ ಸೊಟ್ಟಗಾಗುತ್ತೆ. ಹತ್ತೋದಕ್ಕೆ ಯಾವ ಗೇರು ಬೇಕಿತ್ತೋ ಇಳಿಯೋದಕ್ಕೂ ಅದೇ ಗೇರು. ಇಂಜಿನ್ ಹಿಡಿಯಲಿ, ಬ್ರೇಕು ತಿರುವಿಗೆ ಮೊದಲು ಒತ್ತಿ ಬಿಟ್ಟುಬಿಡು. ನ್ಯೂಟ್ರಲ್ಲಿಗೆ ಹಾಕಿ ಪೆಟ್ರೋಲ್ ಉಳಿಸುವ ಅಭ್ಯಾಸ ನಮ್ಮ ಬಯಲುಸೀಮೆಯವರಿಗೆ ಇದೆ. ಅದನ್ನು ಇಲ್ಲೇ ಬಿಟ್ಟು ಹೋಗು.

ಏರಿನಲ್ಲಿ ಪೆಟ್ಟು ಬೀಳೋದು ಕ್ಲಚ್ಚಿಗೆ. ಕುಂಜುಮ್ ಲಾ 4,550 ಮೀಟರ್ ಆಸುಪಾಸಿನಲ್ಲಿದೆ. ನಮ್ಮೂರ ಗಾಳಿ ಹದಿನಾರಾಣೆ ಅಂದರೆ ಅಲ್ಲಿನದು ಹತ್ತಾಣೆ. ಫ್ಯೂಯಲ್ ಇಂಜೆಕ್ಷನ್ ಗಾಡಿ ಪೆಟ್ರೋಲನ್ನು ಗಾಳಿಗೆ ತಕ್ಕಂತೆ ಇಳಿಸಿಕೊಳ್ಳುತ್ತೆ, ಹೊಗೆ ಕಾರಲ್ಲ, ಆದರೆ ಇಲ್ಲದ ಗಾಳಿಯನ್ನು ಅದೂ ತರಲಾರದು. ಶಕ್ತಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಇಳಿಯುತ್ತೆ. ಆಗ ಕೈ ತಾನಾಗಿಯೇ ಅರ್ಧ ಕ್ಲಚ್ಚಿಗೆ ಹೋಗುತ್ತೆ. ಅರ್ಧ ಕ್ಲಚ್ಚಲ್ಲಿ ನೂರು ಮೀಟರ್ ಹತ್ತಿದರೂ ಪ್ಲೇಟು ಕಾದು ಸುಟ್ಟ ವಾಸನೆ ಬರುತ್ತೆ, ಲಿವರಿನ ಸಡಿಲ ಏರುಪೇರಾಗುತ್ತೆ. ನಿಲ್ಲಿಸಿ ಹದಿನೈದು ನಿಮಿಷ ಬಿಡು, ತಣ್ಣಗಾದ ಮೇಲೆ ಲಿವರಿನಲ್ಲಿ 2-3 ಮಿಲಿಮೀಟರ್ ಸಡಿಲ ಇದೆಯಾ ನೋಡಿ ಹೊರಡು. ತೀರಾ ಕಡಿದಾದ ಕಡೆ ಸವಿತಾ ಇಳಿದು ನಿಧಾನವಾಗಿ ನಡೆದುಬರಲಿ. ಆ ಎತ್ತರದಲ್ಲಿ ಅವಸರದ ನಡಿಗೆ ಬೇಡ, ನೀನು ಮೇಲೆ ಹೋಗಿ ಕಾಯಿ. ಹೊಸ ಕ್ಲಚ್ ಕೇಬಲನ್ನು ಹಳೆಯದರ ಪಕ್ಕದಲ್ಲೇ ಎಳೆದು ಟೇಪು ಸುತ್ತಿಡಿಸು. ಹಳೆಯದು ತುಂಡಾದರೆ ಎರಡು ತುದಿ ಸಿಕ್ಕಿಸಿದರೆ ಸಾಕು, ಟ್ಯಾಂಕ್ ಬಿಚ್ಚುವ ಕೆಲಸ ಇಲ್ಲ. ಉಳಿದ ಸ್ಪೇರು: ಎಕ್ಸಲರೇಟರ್ ಕೇಬಲ್, ಸ್ಪಾರ್ಕ್ ಪ್ಲಗ್ಗು, ಫ್ಯೂಸು, ಚೈನ್ ಲಿಂಕು, ಕ್ಲಚ್ ಮತ್ತು ಬ್ರೇಕ್ ಲಿವರ್, ಇಂಜಿನ್ ಕೇಸಿಗೆ ಕಲ್ಲು ಬಡಿದು ಆಯಿಲ್ ಸೋರಿದರೆ ಮೆತ್ತಲು ಎಂ-ಸೀಲ್, ಒಂದಿಷ್ಟು ತಂತಿ, ಕೇಬಲ್ ಟೈ. ಇದಕ್ಕಿಂತ ಹೆಚ್ಚು ಹೊತ್ತರೆ ಮತ್ತೆ ತೂಕ.

ಪೆಟ್ರೋಲು ರಾಂಪುರದಲ್ಲಿ ಸಿಗುತ್ತೆ, ರೆಕಾಂಗ್ ಪಿಯೋ ಕೆಳಗಿನ ಪೊವಾರಿಯಲ್ಲಿ ಸಿಗುತ್ತೆ, ಆಮೇಲೆ ಸುಮಾರು 200 ಕಿಲೋಮೀಟರ್ ದಾಟಿ ಸ್ಪಿತಿಯ ಮುಖ್ಯ ಊರಾದ ಕಾಜಾದಲ್ಲೇ. ಕಾಜಾದಿಂದ ಮನಾಲಿಗೆ ಮತ್ತೆ 200ರ ಹತ್ತಿರ. ಇಲ್ಲಿ ಲೀಟರಿಗೆ 35 ಕೊಡುವ ಗಾಡಿ ಅಲ್ಲಿ ಇಬ್ಬರನ್ನು ಹೊತ್ತು 25 ಕೊಡುತ್ತೆ ಅಂತಲೇ ಲೆಕ್ಕ ಹಾಕು. 13 ಲೀಟರ್ ಟ್ಯಾಂಕು ಸಾಕು. ಆದರೆ ಗುಡ್ಡ ಕುಸಿದು ಹಿಂದಿರುಗಬೇಕಾಗಿ ಬಂದರೆ ಆ ಐದು ಲೀಟರ್ ಕ್ಯಾನೇ ಕಾಪಾಡೋದು. ಎತ್ತರದಲ್ಲಿ ಕ್ಯಾನ್ ಉಬ್ಬಿರುತ್ತೆ, ಮುಚ್ಚಳ ಮೆಲ್ಲಗೆ ತಿರುಗಿಸು.

ಹಿಂದೆ ಕೂರುವವರ ವಿಷಯ ನನಗಿಂತ ನಮ್ಮ ಮನೆಯಾಕೆಗೆ ಚೆನ್ನಾಗಿ ಗೊತ್ತು. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ಸವಿತಾಗೆ ಓದಿ ಹೇಳು. ಹತ್ತುವಾಗ, ಇಳಿಯುವಾಗ ಮೊದಲು ಬಾಯಲ್ಲಿ ಹೇಳಿ ಆಮೇಲೆ ಕಾಲೆತ್ತಬೇಕು. ನಿಂತ ಗಾಡಿ ಬೀಳೋದು ಹೆಚ್ಚಾಗಿ ಆಗಲೇ. ಇಳಿಜಾರಲ್ಲಿ ಮೈ ಮುಂದಕ್ಕೆ ಜಾರಿ ಓಡಿಸುವವರ ಬೆನ್ನ ಮೇಲೆ ಭಾರ ಬೀಳುತ್ತೆ, ಅವರ ತೋಳು ಸೋತು ಹ್ಯಾಂಡಲ್ ಬಿಗಿಯಾಗುತ್ತೆ. ಕೈ ಎಟುಕಿದರೆ ಅಂಗೈ ಟ್ಯಾಂಕಿಗೆ ಒತ್ತಿ ತಡೆದುಕೊಳ್ಳಬೇಕು, ಮೊಣಕಾಲಿಂದ ಹಿಡಿದುಕೊಳ್ಳಬೇಕು. ತಿರುವಲ್ಲಿ ಗಾಡಿ ಎಷ್ಟು ವಾಲುತ್ತೋ ಅಷ್ಟೇ ವಾಲಬೇಕು, ಓಡಿಸುವವರ ಒಳಗಡೆಯ ಹೆಗಲ ಮೇಲಿಂದ ದಾರಿ ನೋಡಿದರೆ ಮೈ ತಾನೇ ಸರಿ ಬರುತ್ತೆ. ಹೆಲ್ಮೆಟ್ಟಲ್ಲಿ ಮಾತು ಕೇಳಲ್ಲ, ಹೆಗಲಿಗೆ ಒಂದು ತಟ್ಟು ಅಂದರೆ ನಿಧಾನ, ಎರಡು ಅಂದರೆ ನಿಲ್ಲಿಸು. ಎರಡು ತಟ್ಟಿದಾಗ ಯಾಕೆ ಅಂತ ಕೇಳದೆ ನಿಲ್ಲಿಸೋದು ನಿನ್ನ ಕೆಲಸ, ಮಂಜು. ಗಂಟೆಗೊಮ್ಮೆ ಇಳಿದು ಹತ್ತು ನಿಮಿಷ ನಡೆಯಿರಿ. ಅಲುಗಾಡದೆ ಕೂತವರ ಕೈಕಾಲು ಬೇಗ ಮರಗಟ್ಟುತ್ತೆ, ಆದ್ದರಿಂದ ಒಳ್ಳೆಯ ಗ್ಲೌಸು, ಉಣ್ಣೆ ಸಾಕ್ಸು ಸವಿತಾಗೆ ಮೊದಲು ಕೊಳ್ಳಬೇಕು.

ತಿರುವಿನ ಅಭ್ಯಾಸಕ್ಕೆ ಒಂದು ಭಾನುವಾರ ಜೋಗಿಮಟ್ಟಿ ಏರು ನೋಡಿ, ಇನ್ನೊಂದು ವಾರ ತೀರ್ಥಹಳ್ಳಿ ಮೇಲೆ ಆಗುಂಬೆಗೆ ಹೋಗಿ. ಹದಿನಾಲ್ಕು ತಿರುವು, ಪೂರಾ ಸಾಮಾನು ಕಟ್ಟಿಕೊಂಡೇ ಇಳಿದು ಹತ್ತಿ. ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು ಅನ್ನೋದು ಕಾನೂನು, ಅದೂ ಅಲ್ಲೇ ರೂಢಿಯಾಗಲಿ. ಆದರೆ ಎತ್ತರದ ಅಭ್ಯಾಸ ಮಾತ್ರ ನಮ್ಮ ರಾಜ್ಯದಲ್ಲಿ ಮಾಡಲಾಗದು. ನಮ್ಮ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಶಿಮ್ಲಾ ಪೇಟೆ 2,200. ನೀವು ದಾರಿ ಶುರುಮಾಡುವ ಊರೇ ನಮ್ಮ ತುತ್ತತುದಿಗಿಂತ ಮೇಲಿದೆ.

ಅದಕ್ಕೇ ಶಿಮ್ಲಾ ಕಡೆಯಿಂದ ಹೋಗಿ ಮನಾಲಿ ಕಡೆ ಇಳಿಯಿರಿ, ತಿರುಗಾಮುರುಗಾ ಬೇಡ. ಮನಾಲಿಯಿಂದ ಹೊರಟರೆ ಒಂದೇ ದಿನದಲ್ಲಿ ಕುಂಜುಮ್ ದಾಟಬೇಕಾಗುತ್ತೆ, ಮೈಗೆ ಹೊಂದಿಕೊಳ್ಳಲು ಸಮಯವೇ ಸಿಗಲ್ಲ. 3,000 ಮೀಟರ್ ದಾಟಿದ ಮೇಲೆ ಹಗಲು ಎಷ್ಟು ಎತ್ತರ ಮುಟ್ಟಿದರೂ ಸರಿ, ರಾತ್ರಿ ಮಲಗುವ ಜಾಗ ಹಿಂದಿನ ರಾತ್ರಿಗಿಂತ 500 ಮೀಟರಿಗಿಂತ ಹೆಚ್ಚು ಮೇಲೆ ಇರಬಾರದು. ಮೊದಲ ರಾತ್ರಿ ನಾರ್ಕಂಡಾ, 2,700. ಆಮೇಲೆ ಕಲ್ಪಾ, 2,960, ಅಲ್ಲಿ ಎರಡು ರಾತ್ರಿ. ಅಲ್ಲಿಂದ ನಾಕೋದಲ್ಲಿ ಮಲಗೋಣ ಅಂತ ಆಸೆಯಾಗುತ್ತೆ, ಕೆರೆ ಊರು ಎರಡೂ ಚೆಂದ, ಆದರೆ ಅದು 3,660. ನೋಡಿಕೊಂಡು, ಊಟ ಮಾಡಿ, ಕೆಳಗಿನ ತಾಬೋಗೆ ಇಳಿದು ಮಲಗಿ. ತಾಬೋ 3,280. ಅಲ್ಲಿನ ಬೌದ್ಧ ವಿಹಾರ 996ರದ್ದು, ಮಣ್ಣಿನ ಗೋಡೆಯ ಚಿತ್ರ ನೋಡಲು ಬೆಳಗಿನ ಹೊತ್ತು ಇಟ್ಟುಕೊಳ್ಳಿ. ಮರುದಿನ ಕಾಜಾ ಬರೀ 47 ಕಿಲೋಮೀಟರ್. ಕಾಜಾದಲ್ಲೂ ಎರಡು ರಾತ್ರಿ.

ತಲೆನೋವು, ಹೊಟ್ಟೆ ತೊಳೆಸೋದು, ಊಟ ಸೇರದಿರೋದು ಕಂಡರೆ ಅಲ್ಲಿಗೇ ನಿಲ್ಲಿ, ಮೇಲೆ ಹೋಗಬೇಡಿ. ಸುಮ್ಮನೆ ಕೂತಾಗಲೂ ಏದುಸಿರು, ನಡೆದರೆ ಓಲಾಟ, ಮಾತು ತಡವರಿಸೋದು ಕಂಡರೆ ರಾತ್ರಿಯಾದರೂ ಸರಿ, ಬಾಡಿಗೆ ಕಾರಲ್ಲಿ ಕೆಳಗಿಳಿಯಿರಿ, ಗಾಡಿ ಅಲ್ಲೇ ಇರಲಿ. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆ ಬೇಕಾ ಅಂತ ಹೊರಡುವ ಮೊದಲು ಡಾಕ್ಟರನ್ನು ಕೇಳಿ, ಸಲ್ಫಾ ಔಷಧಿ ಅಲರ್ಜಿ ಇದ್ದರೆ ಮೊದಲೇ ಹೇಳಿ. ಎತ್ತರದಲ್ಲಿ ನಾಲಿಗೆ ಕೆಡುತ್ತೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಒಂದಿಷ್ಟು ಕಟ್ಟಿಕೊಳ್ಳಿ. ತೂಕ ಕಡಿಮೆ, ಕೆಡೋದಿಲ್ಲ, ಏನೂ ಸೇರದ ದಿನ ಅದು ಸೇರುತ್ತೆ.

ಕಾಜಾದಿಂದ ಬೆಳಗ್ಗೆ ಆರಕ್ಕೆ ಹೊರಡಬೇಕು. ಕುಂಜುಮ್ ಇಳಿದ ಮೇಲೆ ಬರುವ ಬಾತಲ್ ದಾಟಿ ಗ್ರಾಂಫೂವರೆಗೆ ಹಿಮ ಕರಗಿದ ನೀರು ದಾರಿಗೆ ಅಡ್ಡ ಹರಿಯುತ್ತೆ. ಬಿಸಿಲೇರಿದ ಹಾಗೆ ಹಿಮ ಕರಗಿ, ಬೆಳಗ್ಗೆ ಪಾದ ಮುಳುಗುತ್ತಿದ್ದ ಹಳ್ಳ ಮಧ್ಯಾಹ್ನಕ್ಕೆ ಮೊಣಕಾಲಿಗೆ ಬರುತ್ತೆ. ಸವಿತಾ ಇಳಿದು ಕಲ್ಲಿನ ಮೇಲೆ ದಾಟಲಿ. ನೀನು ಮೊದಲ ಗೇರಲ್ಲಿ, ಎಕ್ಸಲರೇಟರ್ ಒಂದೇ ಸಮ ಹಿಡಿದು, ಕ್ಲಚ್ ಮುಟ್ಟದೆ, ಆಚೆ ದಡ ನೋಡುತ್ತಾ ದಾಟು. ನೀರು ನೋಡಿದರೆ ಗಾಡಿ ನೀರಿನ ಕಡೆಗೇ ಎಳೆಯುತ್ತೆ. ನಡುವೆ ಆಫ್ ಆದರೆ ಸ್ಟಾರ್ಟ್ ಮಾಡಬೇಡ. ತಳ್ಳಿ ದಡಕ್ಕೆ ತಂದು, ಏರ್ ಫಿಲ್ಟರ್ ತೆಗೆದು ಒಣಗಿದೆಯಾ ನೋಡು. ಒದ್ದೆ ಇದ್ದರೆ ನೀರು ಇಂಜಿನ್ ಒಳಗೆ ಹೋಗಿರಬಹುದು, ಪ್ಲಗ್ ಬಿಚ್ಚಿ ನಾಲ್ಕು ಸಲ ತಿರುಗಿಸಿ ನೀರು ಕಾರಿಸಿದ ಮೇಲೇ ಸ್ಟಾರ್ಟ್. ದಾಟಿದ ಮೇಲೆ ಎರಡು ಬ್ರೇಕೂ ಮೆಲ್ಲಗೆ ಒತ್ತಿ ಒಣಗಿಸಿಕೋ. ಗ್ರಾಂಫೂ ಆಚೆ ಡಾಂಬರು. 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ ದಾಟಿದರೆ ಮನಾಲಿ ಕಡೆಯ ಇಳಿಜಾರು.

ಗಾಡಿಯನ್ನು ರೈಲಲ್ಲಿ ಚಂಡೀಗಢಕ್ಕೆ ಕಳಿಸುವುದಾದರೆ ರೈಲು ಹೊರಡುವ ಊರಿಂದಲೇ ಬುಕ್ ಮಾಡಿಸು, ನಡುವಿನ ಸ್ಟೇಷನ್ನಲ್ಲಿ ನಿಲ್ಲೋದು ಎರಡು ಮೂರು ನಿಮಿಷ, ಏರಿಸಲು ಸಮಯ ಸಾಲದು. ಟ್ಯಾಂಕ್ ಪೂರ್ತಿ ಖಾಲಿ ಇರಬೇಕು, ಕನ್ನಡಿ ಬಿಚ್ಚಿ ಬ್ಯಾಗಿಗೆ ಹಾಕಿಕೋ, ಲಿವರ್‌ಗಳಿಗೆ ಗೋಣಿಚೀಲ ಸುತ್ತಿಸು.

ಈ ಭಾನುವಾರ ಬ್ಯಾಗು ತೂಗಿಸಿ ಎಡಕ್ಕೆಷ್ಟು, ಬಲಕ್ಕೆಷ್ಟು, ಹಿಂದಕ್ಕೆಷ್ಟು ಅಂತ ಬರೆದು ಕಳಿಸು. ಪುಸ್ತಕದಲ್ಲಿರುವ ಒಟ್ಟು ತೂಕದ ಪುಟದ ಫೋಟೋನೂ ಹಾಕು. ಯಾವುದನ್ನು ಮನೆಯಲ್ಲೇ ಬಿಡಬೇಕು ಅಂತ ನಾವಿಬ್ಬರೂ ಕೂತು ನೋಡಿ ಹೇಳ್ತೀವಿ.

ನಿನ್ನ ಗೆಳೆಯ